ಯಂತ್ರದ ನಿದ್ರೆ ಮತ್ತು ನಮ್ಮ ರಾಯರು

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ವಾಸಿಸುವವನು ರೋಗಕ್ಕೆ ಹೆದರಬೇಕಾದ ಕಾರಣವಿಲ್ಲ. ಉಷಾ ನರ್ಸಿಂಗ್ ಹೋಮ್ ವೃತ್ತದಲ್ಲಿ ಆಟೋದಿಂದಿಳಿದು ಯಾವ ದಿಕ್ಕಿಗೆ ಹೆಜ್ಜೆಯಿಟ್ಟರೂ, ಮನುಷ್ಯಶರೀರವನ್ನು ಕಣ್ಣು, ಕಿವಿ, ಹಲ್ಲು, ಮೂಳೆ, ಹೃದಯ ಎಂದು ತಮ್ಮೊಳಗೆ ಪಾಲು ಮಾಡಿಕೊಂಡಿರುವ ತಜ್ಞರ ಫಲಕಗಳು ಅವನನ್ನು ಎದುರುಗೊಳ್ಳುತ್ತವೆ. ಇದೇ ರಸ್ತೆಯಲ್ಲಿ ಮುಂದೆ ನವುಲೆಯವರೆಗೆ ಹೋದರೆ, 1980ರಿಂದ ಮಲೆನಾಡಿನ ಮಕ್ಕಳನ್ನು ಎಂಜಿನಿಯರುಗಳನ್ನಾಗಿ ಮಾಡಿ ಬೆಂಗಳೂರಿನ ರೈಲು ಹತ್ತಿಸುತ್ತಿರುವ ಜವಾಹರಲಾಲ್ ನೆಹರೂ ಎಂಜಿನಿಯರಿಂಗ್ ಕಾಲೇಜೂ ಉಂಟು. ಆದರೆ ಆ ವೈದ್ಯರಿಗೂ ಈ ಎಂಜಿನಿಯರುಗಳಿಗೂ ನಡುವೆ ಎಲ್ಲಿಯೋ ಬೀಳತಕ್ಕ ಒಂದು ಜಾತಿಯ ಕಾಯಿಲೆಯಿದೆ. ಮನೆಯ ಮೂಲೆಯಲ್ಲಿ ಕುಳಿತ ಹಳೆಯ ಕಂಪ್ಯೂಟರು, ಸತ್ತಿದೆಯೆನ್ನೋಣವೆಂದರೆ ದೀಪ ಉರಿಯುತ್ತಿದೆ, ಬದುಕಿದೆಯೆನ್ನೋಣವೆಂದರೆ ಪರದೆ ಕಪ್ಪಾಗಿದೆ ಎಂಬ ಅವಸ್ಥೆಯನ್ನು ಮುಟ್ಟಿದಾಗ, ಅದನ್ನು ಯಾರ ಬಳಿಗೆ ಒಯ್ಯಬೇಕು? ದುರ್ಗಿಗುಡಿಯ ಅಂಗಡಿಯ ಹುಡುಗರು ಬಲ್ಲ ಔಷಧ ಒಂದೇ. ನೀವು ರೋಗಲಕ್ಷಣವನ್ನು ವಿವರಿಸಿ ಮುಗಿಸುವುದಕ್ಕೆ ಮೊದಲೇ ಅವರು, "ಫಾರ್ಮ್ಯಾಟ್ ಹೊಡೆದುಬಿಡೋಣ ಸಾರ್" ಎನ್ನುತ್ತಾರೆ. ರೋಗವೂ ರೋಗಿಯೂ ಏಕಕಾಲದಲ್ಲಿ ಪರಿಹಾರವಾಗುವ ಈ ಪದ್ಧತಿಯಲ್ಲಿ ನನಗೆ ಎಂದೂ ವಿಶ್ವಾಸ ಹುಟ್ಟಲಿಲ್ಲ.

ಈ ಕೊರತೆಯನ್ನು ತುಂಬುವುದಕ್ಕಾಗಿಯೇ ಎಂಬಂತೆ ನಮ್ಮ ಊರುಗಳ ಬಡಾವಣೆಗಳಲ್ಲಿ ಒಂದು ವಿಶಿಷ್ಟ ವರ್ಗದ ಪುರುಷರು ಆವಿರ್ಭವಿಸಿದ್ದಾರೆ. ಅವರು ಸಾಮಾನ್ಯವಾಗಿ ನಿವೃತ್ತರು. ಹಣವನ್ನು ಕೈಯಿಂದಲೂ ಮುಟ್ಟದವರು. ಕರೆದರೆ ಬರುವವರು, ಕರೆಯದಿದ್ದರೆ ಇನ್ನೂ ಬೇಗ ಬರುವವರು. ಯಾರದೋ ಮನೆಯಲ್ಲಿ ಕಂಪ್ಯೂಟರು ಯಾವ ತೊಂದರೆಯೂ ಇಲ್ಲದೆ ನಡೆಯುತ್ತಿದೆಯೆಂಬ ಸಮಾಚಾರವು ಅವರ ಮನಶ್ಶಾಂತಿಯನ್ನು ಕದಡುತ್ತದೆ. ಬೆಳಗಿನ ವಾಯುವಿಹಾರದಲ್ಲಿ ಎದುರಾದಾಗ ನಿಮ್ಮ ಆರೋಗ್ಯವನ್ನಾಗಲಿ, ಮಕ್ಕಳ ಕ್ಷೇಮವನ್ನಾಗಲಿ ಅವರು ವಿಚಾರಿಸುವುದಿಲ್ಲ, "ಸಿಸ್ಟಂ ಹೇಗಿದೆ?" ಎನ್ನುತ್ತಾರೆ. "ಚೆನ್ನಾಗಿಯೇ ಇದೆ" ಎಂದರೆ ಸ್ವಲ್ಪ ಹೊತ್ತು ಮೌನವಾಗಿದ್ದು, "ಅಪ್‌ಡೇಟ್ ಮಾಡಿ ಎಷ್ಟು ದಿನ ಆಯಿತು?" ಎಂದು ಮರುಪ್ರಶ್ನೆ ಹಾಕುತ್ತಾರೆ. ಈ ಎರಡನೆಯ ಪ್ರಶ್ನೆಗೆ ಸಮಾಧಾನಕರವಾದ ಉತ್ತರವನ್ನು ಕೊಟ್ಟ ಗೃಹಸ್ಥನನ್ನು ನಾನು ಇದುವರೆಗೆ ಕಂಡಿಲ್ಲ.

ನನ್ನ ಪಾಲಿಗೆ ಬಂದ ಮಹನೀಯರನ್ನು ಇಲ್ಲಿ ರಾಯರೆಂದು ಕರೆಯುತ್ತೇನೆ. ಅವರು ಭದ್ರಾವತಿಯವರು. ಆಯುಷ್ಯದ ಬಹುಭಾಗವನ್ನು ಅಲ್ಲಿನ ಕಾಗದ ಕಾರ್ಖಾನೆಯ ಉಪಕರಣ ವಿಭಾಗದಲ್ಲಿ, ಅಂದರೆ ಉಗಿಯ ಒತ್ತಡವನ್ನೂ ತಿರುಳಿನ ಸಾಂದ್ರತೆಯನ್ನೂ ಅಳೆಯತಕ್ಕ ಮುಳ್ಳುಗಳ ಮುಂದೆ ಕಳೆದು, ಸ್ವಯಂನಿವೃತ್ತಿ ಪಡೆದು, ಪೇಪರ್ ಟೌನಿನ ವಸತಿಯನ್ನು ತೆರವು ಮಾಡಿ, ನಮ್ಮ ತಿರುವಿನಲ್ಲಿ ಒಂದು ಪುಟ್ಟ ಮನೆಯನ್ನು ಕಟ್ಟಿಸಿಕೊಂಡು ಬಂದವರು. ಎಂದೋ ಜೀವವಿಮೆಯ ಕಾಗದಗಳಿಗಾಗಿ ದೊರೆತ ಒಂದು ಜಿಪ್ಪಿನ ಚೀಲ ಸದಾ ಅವರ ಕಂಕುಳಲ್ಲಿರುತ್ತದೆ. ಅದರೊಳಗೆ ಸ್ಕ್ರೂಡ್ರೈವರುಗಳು, ಧೂಳು ಹೊಡೆಯುವ ಬ್ರಷ್ಷು, ಒಂದೇ ದಾರಕ್ಕೆ ಪೋಣಿಸಿದ ಪೆನ್‌ಡ್ರೈವುಗಳು, ಮತ್ತು ಉಬುಂಟುವಿನ ಒಂದು ಹಳೆಯ ಸೀಡಿ. ಕೇಳಿದವರಿಗೆಲ್ಲ ಉಬುಂಟುವಿನವರು ಸೀಡಿಯನ್ನು ಅಂಚೆವೆಚ್ಚವನ್ನೂ ತಾವೇ ಭರಿಸಿ ಮನೆಬಾಗಿಲಿಗೆ ಕಳುಹಿಸುತ್ತಿದ್ದ ಕಾಲವೊಂದಿತ್ತು. 2011ರಲ್ಲಿ ಆ ಔದಾರ್ಯ ನಿಂತುಹೋಯಿತು. ಆ ಸೀಡಿಯಿಂದ ಈಗ ಯಾವ ಪ್ರಯೋಜನವೂ ಇಲ್ಲ. ಆದರೂ ರಾಯರು ಅದನ್ನು ಚೀಲದಿಂದ ಹೊರತೆಗೆದು ಮೇಜಿನ ಮೇಲಿಡದೆ ಕೆಲಸಕ್ಕೆ ಕೈಯಿಕ್ಕಿದ್ದನ್ನು ನಾನು ನೋಡಿಲ್ಲ. ಸೀಡಿ ಮೇಜನ್ನೇರಿತೆಂದರೆ ಆ ಹೊತ್ತಿನ ಊಟಕ್ಕೆ ಇನ್ನೊಂದು ಎಲೆ ಹೆಚ್ಚಾಯಿತೆಂದು ನಮ್ಮಾಕೆ ಅರ್ಥಮಾಡಿಕೊಳ್ಳುತ್ತಾಳೆ.

ನಮ್ಮ ಮನೆಯ ಯಂತ್ರಕ್ಕೆ ರಾಯರು ಅಂಟಿಕೊಂಡದ್ದಕ್ಕೆ ಕಾರಣ ಅದರೊಳಗಿನ ದ್ವೈತ. ನಾನು ನಿವೃತ್ತನಾದ ಕನ್ನಡ ಮೇಷ್ಟ್ರು. ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವನು. ಆದಕಾರಣ ವಿಂಡೋಸನ್ನು ಬಿಟ್ಟು ಬದುಕಲಾರೆ. ಮಗನು ನವುಲೆಯ ಕಾಲೇಜಿನಲ್ಲಿ ಓದುತ್ತಿದ್ದಾಗ, ಲಿನಕ್ಸ್ ಇಲ್ಲದೆ ವಿದ್ಯೆಯೇ ಹತ್ತುವುದಿಲ್ಲವೆಂದು ಹೇಳಿ, ಅದೇ ಡಿಸ್ಕಿನ ಒಂದು ಭಾಗವನ್ನು ಕತ್ತರಿಸಿ ಅದರಲ್ಲಿ ಉಬುಂಟುವನ್ನು ಪ್ರತಿಷ್ಠಾಪಿಸಿದನು. ವಿದ್ಯೆ ಹತ್ತಿತು, ಮಗ ಬೆಂಗಳೂರಿಗೆ ಹೋದನು. ಉಬುಂಟು ನಮ್ಮಲ್ಲಿ ಉಳಿಯಿತು. ಅಂದಿನಿಂದ ಸ್ವಿಚ್ಚನ್ನು ಒತ್ತಿದೊಡನೆ ಒಂದು ಕಪ್ಪು ಪರದೆ ಮೂಡಿ, ಇಬ್ಬರಲ್ಲಿ ಯಾರನ್ನು ಕರೆಯಲಿ ಎಂದು ಕೇಳುತ್ತದೆ. 10 ಸೆಕೆಂಡಿನೊಳಗೆ ನಾನು ಉತ್ತರ ಕೊಡದಿದ್ದರೆ ತಾನೇ ಲಿನಕ್ಸನ್ನು ಕರೆಯುತ್ತದೆ. ಒಂದು ಯಂತ್ರದಲ್ಲಿ ಇಬ್ಬರಿದ್ದರೂ ಒಂದು ಕಾಲಕ್ಕೆ ಎಚ್ಚರವಾಗಿರತಕ್ಕವನು ಒಬ್ಬನೇ ಎಂಬ ಈ ವ್ಯವಸ್ಥೆಯು, ಒಬ್ಬನ ನಿದ್ರೆ ನಿಜವಾದ ನಿದ್ರೆಯಾಗಿರುವವರೆಗೆ ಸುಸೂತ್ರವಾಗಿ ನಡೆಯುತ್ತದೆ.

ಇಲ್ಲಿ ನಮ್ಮ ಮಳೆಗಾಲದ ವಿಚಾರವನ್ನು ಸ್ವಲ್ಪ ಹೇಳಬೇಕು. ಶರಾವತಿಯ ನೀರನ್ನು ಜೋಗದ ಬಳಿ ಧುಮುಕಿಸಿ ವಿದ್ಯುತ್ತನ್ನು ತೆಗೆದು ನಾಡಿಗೆಲ್ಲ ಹಂಚುವ ಕಾರ್ಯವು ನಮ್ಮ ಜಿಲ್ಲೆಯಲ್ಲಿ 1940ರ ದಶಕದಿಂದಲೂ ನಡೆದುಬಂದಿದೆ. ಲಿಂಗನಮಕ್ಕಿಗೆ ನೀರು ತುಂಬಿತೆಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ನಾವು ಹಿಗ್ಗುತ್ತೇವೆ. ಆದರೆ ಆ ನೀರನ್ನು ತುಂಬಿಸಿದ ಮಳೆಯೇ ದಾರಿಯಲ್ಲೊಂದು ಮರವನ್ನು ತಂತಿಯ ಮೇಲೆ ಕೆಡವಿ ನಮ್ಮನ್ನು ಕತ್ತಲಲ್ಲಿ ಕೂರಿಸುತ್ತದೆ. ಅಂಥ ಗಳಿಗೆಯಲ್ಲಿ ಮೇಜಿನ ಕೆಳಗಿನ ಯುಪಿಎಸ್ ಕೀಂಕೀಂ ಎಂದು ಒರಲತೊಡಗುತ್ತದೆ. ಅದರ ಬ್ಯಾಟರಿ ಮುಗಿಯುವುದರೊಳಗೆ ತೆರೆದಿಟ್ಟ ಕೆಲಸಗಳನ್ನೆಲ್ಲ ಮುಚ್ಚಬೇಕು. ಹೈಬರ್ನೇಟ್ ಎಂಬ ಸೌಕರ್ಯವು ಅಲ್ಲಿ ನೆರವಿಗೆ ಬರುತ್ತದೆ. ಯಂತ್ರದ ಸ್ಮೃತಿಯಲ್ಲಿ, ಅಂದರೆ ರ‍್ಯಾಮಿನಲ್ಲಿ, ಆ ಕ್ಷಣಕ್ಕೆ ಇರುವುದನ್ನೆಲ್ಲ ಡಿಸ್ಕಿನ ಮೇಲೆ ಬರೆದಿಟ್ಟು ಪೂರ್ತಿಯಾಗಿ ಆರಿಹೋಗುವುದು. ಮತ್ತೆ ವಿದ್ಯುತ್ತು ಬಂದಾಗ ಬರೆದಿಟ್ಟದ್ದನ್ನು ಓದಿಕೊಂಡು, ಅರ್ಧಕ್ಕೆ ನಿಂತ ವಾಕ್ಯದ ತುದಿಯಲ್ಲಿ ಮಿಣುಕುವ ಗೆರೆಯ ಸಮೇತ ಎದ್ದುನಿಲ್ಲುವುದು. ಬೇರೆ ಊರಿನವರಿಗೆ ಇದೊಂದು ಶೋಕಿಯಾಗಿರಬಹುದು. ಆಷಾಢದಲ್ಲಿ ಶಿವಮೊಗ್ಗದಲ್ಲಿ ಕುಳಿತು ಬರೆಯುವವನಿಗೆ ಅದು ಜೀವನೋಪಾಯ.

ಒಂದು ಆಷಾಢದಲ್ಲಿ ನಾನು ಮಿತ್ರರೊಬ್ಬರ ಅಭಿನಂದನಗ್ರಂಥಕ್ಕಾಗಿ ಹಳಗನ್ನಡ ಗದ್ಯದ ಮಿತಭಾಷಿತ್ವವನ್ನು ಕುರಿತು ಪ್ರಬಂಧವೊಂದನ್ನು ಬರೆಯುತ್ತಿದ್ದೆ. ಅದು ಆಗಲೇ ಸಂಪಾದಕರು ವಿಧಿಸಿದ್ದ ಪುಟಮಿತಿಯನ್ನು ಬಹುದೂರ ದಾಟಿತ್ತು. ಸಂಜೆ, ಇನ್ನೇನು ಒಂದು ಸಿದ್ಧಾಂತಕ್ಕೆ ಬರಬೇಕೆನ್ನುವಷ್ಟರಲ್ಲಿ, ಕರೆಂಟು ಹೋಯಿತು. ಮಳೆಗೆ ಸಿಕ್ಕಿ ನಮ್ಮ ಜಗಲಿಯಲ್ಲಿ ನಿಂತಿದ್ದ ರಾಯರು ಯುಪಿಎಸ್ಸಿನ ಆರ್ತನಾದವನ್ನು ಕೇಳಿದೊಡನೆ, ಕೊಡೆಯನ್ನೂ ಮಡಿಸದೆ ಒಳಗೆ ನುಗ್ಗಿ, ನನ್ನನ್ನು ಕುರ್ಚಿಯಿಂದ ಎಬ್ಬಿಸಿ, ಎರಡು ಕಡೆ ಒತ್ತಿ ವಿಂಡೋಸನ್ನು ಹೈಬರ್ನೇಟ್ ಮಾಡಿಯೇಬಿಟ್ಟರು.

"ಹೆದರಬೇಡಿ ಮೇಷ್ಟ್ರೇ. ಎಲ್ಲಾ ಇದ್ದ ಹಾಗೇ ಇದೆ. ಕರೆಂಟು ಬಂದಾಗ ಆನ್ ಮಾಡಿ, ನಿಮ್ಮ ಅಲ್ಪವಿರಾಮ ಕೂಡ ಇಟ್ಟ ಜಾಗದಲ್ಲೇ ಇರುತ್ತೆ."

ಈ ಮಾತಿನ ಗಾಂಭೀರ್ಯಕ್ಕೆ ನಾನು ಮನಸೋತೆನೆಂದೇ ಹೇಳಬೇಕು. ಅಲ್ಪವಿರಾಮಗಳನ್ನು ಕುರಿತು ಅಷ್ಟು ಕಾಳಜಿ ತೋರಿದವರನ್ನು ನಾನು ಪಾಠಹೇಳಿದ ಅಷ್ಟೂ ವರ್ಷಗಳಲ್ಲಿ ಕಂಡಿರಲಿಲ್ಲ.

ಆ ರಾತ್ರಿ ಕರೆಂಟು ಬರಲಿಲ್ಲ. ಮರುದಿನ ಬೆಳಗ್ಗೆ ಬಂದಾಗ ನಾನು ಗಾಂಧಿ ಬಜಾರಿಗೆ ಹೋಗಿದ್ದೆ. ಹಿಂದಿರುಗಿ ನೋಡುತ್ತೇನೆ: ನನ್ನ ಕುರ್ಚಿಯಲ್ಲಿ ರಾಯರು, ಮೇಜಿನ ಮೇಲೆ ಆ ಸೀಡಿ, ಪಕ್ಕದಲ್ಲಿ ಖಾಲಿಯಾದ ಕಾಫಿ ಲೋಟ, ಕುರ್ಚಿಯ ಹಿಂದೆ ಕೈಕಟ್ಟಿ ನಿಂತ ನಮ್ಮಾಕೆ, ಪರದೆಯ ಮೇಲೆ ಲಿನಕ್ಸು. ವಿಂಡೋಸಿನಲ್ಲಿರುವ ಆಕೆಯ ದೇವರನಾಮಗಳು ಲಿನಕ್ಸಿನಲ್ಲಿ ಇನ್ನೂ ಇಂಪಾಗಿ ಕೇಳಿಸುವವೆಂದು ರಾಯರು ಆಕೆಗೆ ಭರವಸೆ ಕೊಟ್ಟು, ಅವುಗಳನ್ನು ಅಲ್ಲಿಂದ ಇಲ್ಲಿಗೆ ಸಾಗಿಸುವ ಕಾರ್ಯದಲ್ಲಿ ತೊಡಗಿದ್ದರು. ಆದರೆ ಲಿನಕ್ಸು ವಿಂಡೋಸಿನ ಸಿ ಡ್ರೈವಿನ ಬಾಗಿಲನ್ನು ತೆರೆಯಲು ಒಪ್ಪಿರಲಿಲ್ಲ. 'ವಿಂಡೋಸು ಹೈಬರ್ನೇಟ್ ಆಗಿದೆ. ಅದನ್ನು ಎಬ್ಬಿಸಿ ಸರಿಯಾಗಿ ಮುಚ್ಚಿ ಬರಬೇಕು. ಅಲ್ಲದಿದ್ದರೆ ಓದುವುದಕ್ಕೆ ಮಾತ್ರ ಅವಕಾಶವುಂಟು' ಎಂಬ ಅಭಿಪ್ರಾಯದ ಸೂಚನೆಯೊಂದನ್ನು ಅದು ಮುಂದಿಟ್ಟಿತ್ತು. ಅತ್ಯಂತ ವಿವೇಕದ ಸೂಚನೆ. ಆದರೆ ರಾಯರಂಥವರಿಗೆ 'ಓದುವುದಕ್ಕೆ ಮಾತ್ರ' ಎಂಬುದು ಸಲಹೆಯಲ್ಲ, ಅಪಮಾನ. ಮಲಗಿರುವ ವಿಂಡೋಸು ಬರೆದಿಟ್ಟುಕೊಂಡ ಕಡತವನ್ನು ಕಿತ್ತೊಗೆದು ಬಾಗಿಲನ್ನು ತೆರೆಯತಕ್ಕ ಒಂದು ಪ್ರಯೋಗವು ಲಿನಕ್ಸಿನಲ್ಲಿಯೇ ಉಂಟು. ಅದು ಅವರಿಗೆ ಗೊತ್ತಿತ್ತು. ನಾನು ಚಪ್ಪಲಿ ಬಿಡುವಷ್ಟರಲ್ಲಿ ಅದರ ಪ್ರಯೋಗವೂ ಆಗಿಹೋಗಿತ್ತು.

"ಈಗ ನೋಡಿ ಮೇಷ್ಟ್ರೇ, ಬರೆಯೋಕೂ ಬಿಡ್ತು," ಎಂದರು ಪ್ರಸನ್ನವದನರಾಗಿ.

"ನನ್ನ ಲೇಖನ?"

"ಸೇವ್ ಮಾಡಿದ್ರಲ್ಲ?"

"ಅಲ್ಪವಿರಾಮ ಕೂಡ ಇಟ್ಟ ಜಾಗದಲ್ಲೇ ಇರುತ್ತೆ ಅಂದವರು ನೀವಲ್ಲವೇ ರಾಯರೇ?"

ರಾಯರ ಮುಖದಲ್ಲಿ ಆಗ ಕಂಡ ಬಣ್ಣವನ್ನು ವರ್ಣಿಸುವುದು ಸಜ್ಜನಿಕೆಯಲ್ಲ. ಒಂದಷ್ಟು ಹೊತ್ತು ಅವರು ಪರದೆಯನ್ನೂ ನನ್ನನ್ನೂ ಸರದಿಯ ಮೇಲೆ ನೋಡಿದರು. ಆಮೇಲೆ ತಮ್ಮ ವರ್ಗಕ್ಕೆ ಸಹಜವಾದ ಚೇತರಿಕೆಯನ್ನು ಪಡೆದು, "ಎಷ್ಟು ಪುಟ ಇತ್ತು?" ಎಂದು ವಿಚಾರಿಸಿದರು, ನಾನು ಹೇಳಿದೆ. "ವಿಷಯ ನಿಮ್ಮ ತಲೆಯಲ್ಲಿ ಇದ್ದೇ ಇರುತ್ತಲ್ಲ," ಎಂದರು. ನಾನು ಏನೂ ಹೇಳಲಿಲ್ಲ. ಅಷ್ಟರಲ್ಲಿ ದೇವರನಾಮವೊಂದು ಲಿನಕ್ಸಿನಿಂದ ಹೊರಟು ಮನೆಯನ್ನೆಲ್ಲ ತುಂಬಿತು. ಅದು ಮೊದಲಿಗಿಂತ ಇಂಪಾಗಿಯೇ ಇದೆಯೆಂದು ನಮ್ಮಾಕೆ ಸಾಕ್ಷಿ ನುಡಿದಳು. ಕಳೆದುಹೋದ ಆ ಪುಟಗಳು ನಾನು ಬರೆದ ಗದ್ಯದಲ್ಲೆಲ್ಲ ಶ್ರೇಷ್ಠವಾದವೆಂದು ಅಂದಿನಿಂದ ಪರಿಚಿತರೆಲ್ಲರಿಗೂ ಹೇಳುತ್ತ ಬಂದಿದ್ದೇನೆ. ಪರೀಕ್ಷಿಸಿ ನೋಡುವ ಉಪಾಯ ಯಾರಿಗೂ ಇಲ್ಲವಾದುದರಿಂದ ಆ ಕೀರ್ತಿ ಅಬಾಧಿತವಾಗಿ ಉಳಿದಿದೆ.

ಊಟವಾದ ಮೇಲೆ, ಎಲೆಯಡಿಕೆಯ ಹೊತ್ತಿನಲ್ಲಿ, ರಾಯರು ನಡೆದದ್ದರ ತತ್ತ್ವವನ್ನು ನನಗೆ ಉಪದೇಶಿಸಿದರು. ಅದು ಎಷ್ಟು ಸ್ವಚ್ಛವಾಗಿತ್ತೆಂದರೆ, ಕೋಪದಲ್ಲಿದ್ದ ನನಗೂ ತಲೆದೂಗದೆ ಇರಲು ಸಾಧ್ಯವಾಗಲಿಲ್ಲ. ಅವರೆಂದರು: ಕಾರ್ಖಾನೆಯಲ್ಲಿ ಒಂದು ಪಾಳಿ ಮುಗಿಯುವಾಗ ಪಾಳಿಯವನು ಲಾಗ್ ಪುಸ್ತಕದಲ್ಲಿ ಬರೆದು ಹೋಗಬೇಕು, ಉಗಿ ಇಷ್ಟಿದೆ, ಈ ವಾಲ್ವು ಅರ್ಧ ತೆರೆದಿದೆ, ಆ ಪಂಪು ನಿಂತಿದೆ ಎಂದು. ಮತ್ತೆ ಬಂದಾಗ ಅವನು ಯಂತ್ರವನ್ನು ಮುಟ್ಟಿ ನೋಡುವುದಿಲ್ಲ, ಪುಸ್ತಕವನ್ನು ನಂಬುತ್ತಾನೆ. ಹೈಬರ್ನೇಟ್ ಆದ ವಿಂಡೋಸಿನ ನಡವಳಿಕೆಯೂ ಅಂಥದೇ. ಡಿಸ್ಕಿನಲ್ಲಿ ಯಾವ ಕಡತ ಎಲ್ಲಿದೆಯೆಂಬ ಲೆಕ್ಕವೆಲ್ಲ ಅದರ ಪುಸ್ತಕದಲ್ಲಿದೆ. ಈ ನಡುವೆ ಪುಸ್ತಕದ ಗೊಡವೆಯೇ ಇಲ್ಲದ ಇನ್ನೊಬ್ಬನು ಬಂದು ನಾಲ್ಕು ವಾಲ್ವುಗಳನ್ನು ತಿರುಗಿಸಿ ಹೋದನೆನ್ನಿ. ಮೊದಲನೆಯವನು ಬಂದು ಪುಸ್ತಕದಂತೆ ನಡೆದರೆ ಕಾಗದವೂ ಹರಿಯುತ್ತದೆ, ಕೊಳವೆಯೂ ಒಡೆಯುತ್ತದೆ. ಆದುದರಿಂದಲೇ ಲಿನಕ್ಸು ಒಳಗೆ ಹೋಗಲು ನಿರಾಕರಿಸಿದ್ದು.

"ಹಾಗಾದರೆ ನೀವು ಮಾಡಿದ್ದು?"

"ಪುಸ್ತಕವನ್ನೇ ಹರಿದುಹಾಕಿದೆ. ಇನ್ನು ಅವನು ಬಂದರೂ ಹೊಸದಾಗಿಯೇ ಶುರು ಮಾಡಬೇಕು. ಡಿಸ್ಕಿಗೆ ಅಪಾಯ ಇಲ್ಲ."

ಅಪಾಯವು ಲೇಖಕನಿಗೆ ಮಾತ್ರವೆಂಬುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಕೋಡುಬಳೆಯ ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು. ತಟ್ಟೆ ನಮ್ಮ ಮನೆಯದೇ.

ಆ ದಿನದಿಂದ ನಮ್ಮ ಯಂತ್ರದ ನಿದ್ರೆಯನ್ನು ಸರಿಪಡಿಸುವುದು ರಾಯರ ವ್ರತವಾಯಿತು. ಮೊದಲು ಅವರ ಕಣ್ಣಿಗೆ ಬಿದ್ದದ್ದು ವಿಂಡೋಸಿನ ಒಂದು ಕಪಟ. ನಾನು ಹೈಬರ್ನೇಟಿನ ಗೊಡವೆಯನ್ನೇ ಬಿಟ್ಟು, ಪ್ರತಿರಾತ್ರಿ ಶ್ರದ್ಧೆಯಿಂದ ಶಟ್‌ಡೌನ್ ಒತ್ತಿ ಮಲಗತೊಡಗಿದ್ದರೂ, ಬೆಳಗ್ಗೆ ಲಿನಕ್ಸು ಮಾತ್ರ ವಿಂಡೋಸು ಇನ್ನೂ ಮಲಗಿಯೇ ಇದೆಯೆಂದು ದೂರುತ್ತಿತ್ತು. 2012ರಲ್ಲಿ ಬಂದ ವಿಂಡೋಸ್ 8ರ ಕಾಲದಿಂದ 'ಫಾಸ್ಟ್ ಸ್ಟಾರ್ಟಪ್' ಎಂಬ ಹೆಸರಿನಲ್ಲಿ ಹೀಗೊಂದು ಏರ್ಪಾಡು ನಡೆದಿದೆ: ಮುಚ್ಚು ಎಂದರೆ ಅದು ನಮ್ಮ ಕಡತಗಳನ್ನು ಮುಚ್ಚುತ್ತದೆ, ತನ್ನ ಒಳಗಿನ ತಿರುಳನ್ನು ಮಾತ್ರ ಹೈಬರ್ನೇಟ್ ಮಾಡಿಟ್ಟುಕೊಳ್ಳುತ್ತದೆ, ಮರುದಿನ ಬೇಗ ಏಳುವುದಕ್ಕಾಗಿ. ನಿಜವಾಗಿ ಪೂರ್ತಿ ಮುಚ್ಚಬೇಕಾದರೆ 'ರೀಸ್ಟಾರ್ಟ್' ಒತ್ತಬೇಕು. ಅಂದರೆ ಶಟ್‌ಡೌನ್ ಎಂದು ಒತ್ತಿದರೆ ಅರ್ಧ ಎಚ್ಚರ. ಮತ್ತೆ ಏಳು ಎಂದು ಒತ್ತಿದರೆ ಪೂರ್ಣ ವಿಶ್ರಾಂತಿ. ಇದನ್ನು ಪತ್ತೆಹಚ್ಚಿದ ದಿನ ರಾಯರಿಗೆ ಬಂದ ರೋಷವು, ನನ್ನ ಪ್ರಬಂಧ ಹೋದ ದಿನ ನನಗೆ ಬಂದದ್ದಕ್ಕಿಂತ ಹೆಚ್ಚಿನದು. "ಮೂವತ್ತು ವರ್ಷ ಮೆಷಿನ್ ಮುಂದೆ ನಿಂತವನು ನಾನು. ಆಫ್ ಅಂದರೆ ಆಫ್ ಆಗಬೇಕು ಮೇಷ್ಟ್ರೇ!" ಎಂದು ಗುಡುಗಿ, ಅದನ್ನು ಕಾಯಂ ಆಗಿ ನಿಲ್ಲಿಸುವ ಒಂದು ಸಾಲಿನ ಆಜ್ಞೆಯನ್ನು ಕೀಲಿಸಿದರು. ಅದೇ ಆಜ್ಞೆ ಹೈಬರ್ನೇಟನ್ನೂ ನಿಲ್ಲಿಸುತ್ತದೆಂಬುದು ಮುಂದಿನ ಮಳೆಯಲ್ಲಿ ತಿಳಿದುಬಂದು, ಅದನ್ನು ಮತ್ತೆ ಚಾಲೂ ಮಾಡಿ, ಫಾಸ್ಟ್ ಸ್ಟಾರ್ಟಪ್ಪನ್ನು ಮಾತ್ರ ಬೇರೆ ದಾರಿಯಿಂದ ನಿಲ್ಲಿಸಬೇಕಾಯಿತು. ಈ ಎರಡೂ ಆಜ್ಞೆಗಳನ್ನು ಅವರು ಮದುವೆಯ ಕರೆಯೋಲೆಯೊಂದರ ಬೆನ್ನಿನ ಮೇಲೆ ಬರೆದುಕೊಟ್ಟರು. ನಮ್ಮಾಕೆ ಅದನ್ನು ಪಂಚಾಂಗದೊಳಗೆ ಇಟ್ಟಿದ್ದಾಳೆ.

ಲಿನಕ್ಸಿನ ನಿದ್ರೆಯದು ಬೇರೆಯೇ ಕಥೆ. ಅದೇ 2012ರಲ್ಲಿ, ಉಬುಂಟುವಿನ 12.04ನೆಯ ಆವೃತ್ತಿಯಿಂದ, ಹೈಬರ್ನೇಟ್ ಎಂಬ ಬಾಬನ್ನು ಪಟ್ಟಿಯಿಂದಲೇ ತೆಗೆದಿಟ್ಟಿದ್ದರು. ಬಹಳ ಯಂತ್ರಗಳಲ್ಲಿ ಅದು ಮಲಗಿದರೆ ಏಳುವ ಭರವಸೆಯಿಲ್ಲವೆಂಬುದೇ ಕಾರಣ. ಹೀಗೆ ಒಂದೇ ವರ್ಷದಲ್ಲಿ ಒಬ್ಬನು ಕೇಳದೆಯೇ ಮಲಗುವುದನ್ನು ಕಲಿತನು, ಇನ್ನೊಬ್ಬನು ಕೇಳಿದರೂ ಮಲಗದಾದನು. ಇಬ್ಬರನ್ನೂ ಒಂದೇ ಡಿಸ್ಕಿನಲ್ಲಿ ಇಟ್ಟುಕೊಂಡಿರುವ ನಮ್ಮಂಥವರನ್ನು ಎರಡೂ ಕಡೆಯವರು ಯೋಚಿಸಿದಂತಿಲ್ಲ. ಮಗನು ಹಿಂದೆ 'ಸ್ವಾಪ್' ಎಂಬ ಭಾಗಕ್ಕೆ 2 ಜಿಬಿ ಜಾಗವನ್ನಷ್ಟೇ ಬಿಟ್ಟಿದ್ದನು. ಯಂತ್ರದ ಸ್ಮೃತಿ 8 ಜಿಬಿ. ಅಷ್ಟನ್ನು ಇಷ್ಟರಲ್ಲಿ ಬರೆದಿಡುವುದು ಹೇಗೆ? ರಾಯರು ಆ ಭಾಗವನ್ನು ಅಳಿಸಿ ದೊಡ್ಡದನ್ನು ಮಾಡಿದರು. ಹೊಸ ಭಾಗಕ್ಕೆ ಹೊಸ ಗುರುತಿನ ಸಂಖ್ಯೆ ಬಂದಿತು. ಲಿನಕ್ಸು ಹಳೆಯ ಸಂಖ್ಯೆಯನ್ನೇ ಹುಡುಕುತ್ತ, ಪ್ರತಿಸಲ ಏಳುವಾಗಲೂ ಒಂದೂವರೆ ನಿಮಿಷ ಕಾದು ಕೂರತೊಡಗಿತು. ಗೆರೆಗಳೂ ಸೇರಿ 36 ಅಕ್ಷರಗಳ ಆ ಸಂಖ್ಯೆಯನ್ನು ರಾಯರು ಗಟ್ಟಿಯಾಗಿ ಓದಿದರು, ನಾನು ಕಾಗದದ ಮೇಲೆ ಬರೆದುಕೊಂಡೆ, ಅವರು ಮತ್ತೆ ನನ್ನಿಂದ ಓದಿಸಿ ಕೀಲಿಸಿದರು. ಮೌಸಿನಿಂದ ಎತ್ತಿ ಅಂಟಿಸಬಹುದಲ್ಲ ಎಂದದ್ದಕ್ಕೆ, ಅಂಟಿಸಿದ್ದನ್ನು ಯಾರೂ ಎರಡನೆಯ ಸಲ ಓದುವುದಿಲ್ಲ ಎಂದರು. ಆಮೇಲೆ ಸೆಕ್ಯೂರ್ ಬೂಟ್ ಎಂಬ ಕಾವಲು ಅಡ್ಡಬಂದಿತು; ಅದನ್ನೂ ತೆಗೆದರು. ಕಟ್ಟಕಡೆಗೊಮ್ಮೆ ಲಿನಕ್ಸು ಮಲಗಿತು, ಎದ್ದಿತು ಕೂಡ. ಆದರೆ ವೈಫೈ ಏಳಲಿಲ್ಲ.

ಈ ಮಧ್ಯೆ ಗಡಿಯಾರವೂ ಕೆಟ್ಟಿತು. ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ, ಸರಿಯಾಗಿ ಏಳು ಗಂಟೆಗೆ, ವಿಂಡೋಸು ಮಧ್ಯಾಹ್ನ ಒಂದೂವರೆಯೆಂದು ಸಾರಿತು. ಯಂತ್ರದೊಳಗಿನ ಗಡಿಯಾರವು ಗ್ರೀನಿಚ್ಚಿನ ಕಾಲವನ್ನು ತೋರುತ್ತದೆಂದು ಲಿನಕ್ಸು ಭಾವಿಸುತ್ತದೆ. ಊರಿನ ಕಾಲವನ್ನು ತೋರುತ್ತದೆಂದು ವಿಂಡೋಸು ಭಾವಿಸುತ್ತದೆ. ಇವೆರಡರ ಅಂತರ ನಮ್ಮಲ್ಲಿ ಐದೂವರೆ ಗಂಟೆ. ಇಂಗ್ಲೆಂಡಿನವರಿಗೆ ಚಳಿಗಾಲದಲ್ಲಿ ಈ ಬಾಧೆಯೇ ತಿಳಿಯದಿರುವುದರಿಂದ ಇದನ್ನು ಅವರು ಗಮನಿಸಿಲ್ಲವೆಂದು ರಾಯರು ನಿರ್ಣಯಿಸಿದರು. ಒಂದೇ ಆಜ್ಞೆಯಿಂದ ಅವರು ಇದನ್ನು ಗುಣಪಡಿಸಿದರೆನ್ನುವುದನ್ನು ನ್ಯಾಯದೃಷ್ಟಿಯಿಂದ ಇಲ್ಲಿ ದಾಖಲಿಸುತ್ತೇನೆ. ಅವರಿಂದ ಮೊದಲ ಪ್ರಯತ್ನದಲ್ಲಿಯೇ ಗುಣವಾದ ಕಾಯಿಲೆ ನಮ್ಮ ಮನೆಯಲ್ಲಿ ಇದೊಂದೇ. ಅದರಿಂದ ಅವರಿಗೆ ಸ್ವಲ್ಪ ನಿರಾಶೆಯೂ ಆದಂತೆ ತೋರಿತು.

ಇಷ್ಟೆಲ್ಲ ಹೇಳಿದ ಮೇಲೆ, ಅವರ ಈ ಹಟಕ್ಕೆ ಮೂಲವೆಲ್ಲಿ ಎಂದು ಯೋಚಿಸದೆ ಬಿಡುವುದು ನನ್ನಿಂದಾಗದು. ಒಂದು ಸಲ ನಾನೂ ಅವರೂ ಯಾವುದೋ ಮದುವೆಗೆಂದು ಭದ್ರಾವತಿಗೆ ಹೋಗಿದ್ದೆವು. ಭದ್ರಾವತಿ ಯಂತ್ರಗಳ ಊರು. 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಹಿಂದೆ ವಿಶ್ವೇಶ್ವರಯ್ಯನವರ ಶ್ರಮವಿದೆ. ಮೈಸೂರು ಕಾಗದ ಕಾರ್ಖಾನೆಯು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1936ರಲ್ಲಿ, ಸ್ಥಾಪಿತವಾದದ್ದು. ಶಾಲೆಯ ನೋಟುಪುಸ್ತಕವನ್ನೋ ದಿನಪತ್ರಿಕೆಯನ್ನೋ ಬಿಡಿಸಿದ ನನ್ನ ತಲೆಮಾರಿನ ಕನ್ನಡಿಗರು ಆ ಕಾರ್ಖಾನೆಯ ಕಾಗದವನ್ನು ಎಂದಾದರೊಂದು ದಿನ ಮುಟ್ಟಿಯೇ ಇರುತ್ತಾರೆ. ಅಲ್ಲಿ ಉತ್ಪಾದನೆ 2015ರಲ್ಲಿ ನಿಂತಿತು. ಊಟವಾದ ಮೇಲೆ ರಾಯರು ನನ್ನನ್ನು ಪೇಪರ್ ಟೌನಿನ ಕಡೆಗೆ ನಡೆಸಿಕೊಂಡು ಹೋದರು. ಆವರಣದ ಗೋಡೆಯ ಹೊರಗೆ ನಿಂತು, ಇಲ್ಲಿ ಪಲ್ಪ್ ವಿಭಾಗ, ಅಲ್ಲಿ ಬಾಯ್ಲರು, ಆಚೆ ಮೆಷಿನ್ ಹೌಸು ಎಂದು, ಕಾಣದಿರುವುದನ್ನೂ ಕಾಣುವುದನ್ನೂ ಒಂದೇ ಬಗೆಯಲ್ಲಿ ಬೆರಳು ಮಾಡಿ ತೋರಿಸಿದರು. ಕಾಗದದ ಯಂತ್ರ ಸುಮ್ಮನೆ ಸ್ವಿಚ್ಚು ಆರಿಸಿ ಹೋಗತಕ್ಕದ್ದಲ್ಲವಂತೆ. ತೊಟ್ಟಿಯಲ್ಲಿ ತಿರುಳು ಉಳಿದರೆ ಕೊಳೆಯುತ್ತದೆ. ಒಣಗಿಸುವ ಉರುಳೆಗಳನ್ನು ಮೆಲ್ಲಗೆ ತಣಿಸಬೇಕು. ಮತ್ತೆ ಹೊರಡಿಸುವಾಗ ಮೆಲ್ಲಗೆ ಕಾಯಿಸಬೇಕು. ಆದುದರಿಂದ ನಿಲ್ಲಿಸುವವನು ಮುಂದೆ ಹೊರಡಿಸುವವನನ್ನು ಮನಸ್ಸಿನಲ್ಲಿಟ್ಟುಕೊಂಡೇ ನಿಲ್ಲಿಸಬೇಕು.

"ಕೊನೇ ಪಾಳೀಲಿ ನಾನು ಲಾಗ್ ಪುಸ್ತಕ ಪೂರ್ತಿ ಬರೆದೆ ಮೇಷ್ಟ್ರೇ. ಎಲ್ಲಾ ವಾಲ್ವು, ಎಲ್ಲಾ ರೀಡಿಂಗು. ಜೊತೆಯ ಹುಡುಗ ಕೇಳಿದ, 'ಯಾರು ಓದ್ತಾರೆ ಸಾರ್ ಇದನ್ನ?' ಅಂತ."

ಅವರೇನು ಉತ್ತರ ಕೊಟ್ಟರೆಂದು ನಾನು ಕೇಳಿದೆ. "ಸಹಿ ಹಾಕು ಅಂದೆ," ಎಂದರು.

ಆ ಮಾತನ್ನು ಕೇಳಿದ ಮೇಲೆ ಕೆಲವು ದಿನ ಅವರನ್ನು ಬೈಯುವುದು ನನಗೆ ಕಷ್ಟವಾಯಿತು. ಅರ್ಧಕ್ಕೆ ನಿಂತದ್ದು ಇದ್ದಲ್ಲಿಂದಲೇ ಮತ್ತೆ ಹೊರಡಬೇಕೆಂದು ಬಯಸುವವರು ಲೋಕದಲ್ಲಿ ಹೆಚ್ಚಿಲ್ಲ; ಹೊಸದನ್ನು ಕೊಂಡರಾಯಿತು, ಫಾರ್ಮ್ಯಾಟ್ ಹೊಡೆದರಾಯಿತು ಎಂಬವರೇ ಹೆಚ್ಚು. ಹೀಗೆ ಉದಾತ್ತವಾದ ವಿಚಾರಗಳಲ್ಲಿ ನಾನು ಮುಳುಗಿದ್ದಾಗಲೇ ರಾಯರು ಬಂದು, ವೈಫೈಯನ್ನು ಎಬ್ಬಿಸುವ ಸಲುವಾಗಿ ಏನನ್ನೋ ಬದಲಾಯಿಸಿ, ಪ್ರಿಂಟರನ್ನು ಮಲಗಿಸಿ ಹೋದರು; ಬೈಗುಳ ಸಲೀಸಾಗಿ ಹಿಂದಿರುಗಿತು.

ಮಗನು ಈ ಸಮಸ್ಯೆಯನ್ನು ಬೆಂಗಳೂರಿನಿಂದಲೇ, ದೂರವಾಣಿಯಲ್ಲಿಯೇ, ಪರಿಹರಿಸಿದನು. "ಅಪ್ಪಾ, ಒಂದು ಎಸ್‌ಎಸ್‌ಡಿ ಹಾಕಿಸಿ. ಆನ್ ಮಾಡಿದ ತಕ್ಷಣ ಬೂಟ್ ಆಗುತ್ತೆ. ಮನೆಗೊಂದು ಇನ್ವರ್ಟರ್ ಹಾಕಿಸಿದರೆ ಕರೆಂಟು ಹೋದದ್ದೇ ಗೊತ್ತಾಗಲ್ಲ. ಹೈಬರ್ನೇಟ್ ಯಾರಿಗೆ ಬೇಕು ಈಗ?" ಎರಡನ್ನೂ ಹಾಕಿಸಿದೆವು. ಹೇಳಿದಂತೆಯೇ ಆಯಿತು. ಈಗ ಯಂತ್ರವು ಪೂರ್ತಿ ಸತ್ತು ಪೂರ್ತಿ ಹುಟ್ಟಿದರೂ ಕಾಫಿ ಆರುವಷ್ಟು ಹೊತ್ತು ಹಿಡಿಯುವುದಿಲ್ಲ. ರಾಯರು ಒಂದು ದಿನ ಬಂದು, ಬೂಟ್ ಆಗುವುದನ್ನು ಗಡಿಯಾರ ಹಿಡಿದು ನೋಡಿ, "ಪರವಾಗಿಲ್ಲ," ಎಂದು ಮೆಚ್ಚಿ, ಇನ್ವರ್ಟರಿನ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿದ್ದೀರಾ ಎಂದು ನಮ್ಮಾಕೆಯನ್ನು ಕೇಳಿ, ಕಾಫಿ ಕುಡಿದು ಹೊರಟುಹೋದರು. ಸೀಡಿಯನ್ನು ಚೀಲದಿಂದ ತೆಗೆಯಲೇ ಇಲ್ಲ. ಅಂದು ಮಧ್ಯಾಹ್ನದ ಅಡುಗೆಯಲ್ಲಿ ಒಬ್ಬರ ಪಾಲು ಉಳಿಯಿತು. ಅದಾದ ಕೆಲವು ದಿನಗಳ ಮೇಲೆ, ಲಿನಕ್ಸು ಎದ್ದಾಗ ಒಂದು ಬಗೆಯ ಸಪ್ಪಳವಾಗುತ್ತದೆಯೆಂದು ನಾನೇ ಅವರಲ್ಲಿಗೆ ಹೇಳಿಕಳುಹಿಸಿದೆ. ಸಪ್ಪಳವೇನೂ ಇರಲಿಲ್ಲ. ಅವರು ಬಂದು, ಇಡೀ ಪೂರ್ವಾಹ್ನ ಕಿವಿಗೊಟ್ಟು ಕುಳಿತು, ಇದೆ ಎಂದರು.

ಈ ಲೇಖನವನ್ನು ಅಚ್ಚಿಗೆ ಕಳುಹಿಸುವ ಮೊದಲು ಅವರಿಗೆ ತೋರಿಸುವುದು ಧರ್ಮವೆಂದು ಎಣಿಸಿ ನಿನ್ನೆ ಕರೆದೆ. ಅವರು ನನ್ನ ಕುರ್ಚಿಯಲ್ಲಿ ಕುಳಿತು, ಕನ್ನಡಕವನ್ನು ಹಣೆಗೇರಿಸಿ, ಮೊದಲಿನಿಂದ ಕೊನೆಯವರೆಗೆ ಓದಿದರು. ತಮ್ಮನ್ನು ಕುರಿತು ನಾನು ಆಡಿದ ಯಾವ ಮಾತಿಗೂ ಅವರ ಆಕ್ಷೇಪವಿರಲಿಲ್ಲ. ಸ್ವಾಪ್ ಭಾಗವನ್ನು ದೊಡ್ಡದು ಮಾಡಿದರು ಎಂದಷ್ಟೇ ಬರೆದಿದ್ದೀರಿ, ಎಷ್ಟು ದೊಡ್ಡದು ಎಂದು ಬರೆಯದಿದ್ದರೆ ಓದಿದವರು ತಪ್ಪು ಮಾಡುತ್ತಾರೆ ಎಂದರು. 10 ಜಿಬಿ ಎಂದು ಇಲ್ಲಿ ಸೇರಿಸುತ್ತೇನೆ. ಆಮೇಲೆ ಕಡತದ ಹೆಸರನ್ನು ಬಗ್ಗಿ ನೋಡಿ ಅವರ ಹುಬ್ಬು ಗಂಟಾಯಿತು.

"ಮೇಷ್ಟ್ರೇ, ಇದೆಲ್ಲಾ ಇನ್ನೂ ಹಳೇ ನುಡಿ ಫಾಂಟಿನಲ್ಲೇ ಇದೆಯಲ್ಲ! ಲಿನಕ್ಸಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತೆ. ಇಷ್ಟು ವರ್ಷ ಬರೆದದ್ದು ಎಲ್ಲಾ ಹೀಗೇ ಇದೆಯಾ?"

ಎಲ್ಲಾ ಹೀಗೇ ಇದೆಯೆಂದು ನಾನು ಹೇಳಬೇಕಾಯಿತು.

"ಭಾನುವಾರ ಬರ್ತೀನಿ. ಎಲ್ಲಾನೂ ಒಂದೇ ಸಲಕ್ಕೆ ಯೂನಿಕೋಡ್ ಮಾಡಿಬಿಡೋಣ. ಅರ್ಕಾವತ್ತು ಸ್ವಲ್ಪ ಆಚೀಚೆ ಹೋಗಬಹುದು, ಅಷ್ಟೆ."

ಚೀಲದಿಂದ ಸೀಡಿಯನ್ನು ತೆಗೆದು ಮೇಜಿನ ಮೇಲಿಟ್ಟು, ಅದನ್ನು ಅಲ್ಲಿಯೇ ಬಿಟ್ಟು ಹೋಗಿದ್ದಾರೆ. ನಮ್ಮಾಕೆ ಭಾನುವಾರಕ್ಕೆಂದು ಅಕ್ಕಿ ನೆನೆಹಾಕುವ ಮಾತಾಡುತ್ತಿದ್ದಾಳೆ. ನಾನು ಈ ಲೇಖನವನ್ನು ಕಾಗದದ ಮೇಲೆ ಮುದ್ರಿಸಿ, ಇಂದೇ, ಮಳೆ ಬಿಡುವ ಮೊದಲೇ, ಕೊಡೆ ಹಿಡಿದು ಅಂಚೆಗೆ ಹಾಕಿಬರುತ್ತೇನೆ.